ಬೀಗ ತೆಗೆಯಲು ಬಂದರೂ ತೆಗೆಯಬಾರದು, ಯಾಕೆ? ಪಾಳು ಕಟ್ಟಡ ಸುತ್ತುವವರ ಜೇಬಿನ ಲಾಕ್‌ಪಿಕ್

ಖಾಲಿ ಬಿದ್ದ ಕಾರ್ಖಾನೆ, ಮುಚ್ಚಿಹೋದ ಆಸ್ಪತ್ರೆ, ರೈಲು ನಿಂತುಹೋದ ಸುರಂಗ, ನಗರದ ಕೆಳಗೆ ಹರಿಯುವ ಮಳೆನೀರಿನ ಕಾಲುವೆ. ಇಂಥ ಜಾಗಗಳನ್ನು ಹುಡುಕಿಕೊಂಡು ಹೋಗುವವರು ಜಗತ್ತಿನ ಎಷ್ಟೋ ಕಡೆ ಇದ್ದಾರೆ. ಈ ಹವ್ಯಾಸಕ್ಕೆ ಅರ್ಬನ್ ಎಕ್ಸ್‌ಪ್ಲೋರಿಂಗ್ ಎನ್ನುತ್ತಾರೆ, ಚಿಕ್ಕದಾಗಿ ಅರ್ಬೆಕ್ಸ್. ಅವರ ಬ್ಯಾಗಿನಲ್ಲಿ ಎರಡು ಟಾರ್ಚ್, ಧೂಳು ತಡೆಯುವ ಮಾಸ್ಕ್, ಕೈಗವಸು, ನೀರು, ಕ್ಯಾಮೆರಾ ಇರುತ್ತವೆ. ಕೆಲವರು ಇದರ ಜೊತೆ ಇನ್ನೊಂದು ಪುಟ್ಟ ಪೌಚ್ ಸೇರಿಸುತ್ತಾರೆ. ಅದರಲ್ಲಿರುವುದು ಕೀಲಿಕೈ ಇಲ್ಲದೆ ಬೀಗ ತೆಗೆಯುವ ತೆಳ್ಳನೆಯ ಉಕ್ಕಿನ ಕಡ್ಡಿಗಳು. ಲಾಕ್‌ಪಿಕ್.

ಒಯ್ಯುವವರ ವಾದ ಕೇಳಲು ಸರಿಯಾಗಿಯೇ ಇದೆ. ಗಾಜು ಒಡೆಯುವುದಿಲ್ಲ, ಬಾಗಿಲು ಮುರಿಯುವುದಿಲ್ಲ, ಬೇಲಿ ಕತ್ತರಿಸುವುದಿಲ್ಲ. ಬೀಗ ತೆಗೆದು, ಒಳಗೆ ಸುತ್ತಾಡಿ, ಫೋಟೊ ಹಿಡಿದು, ಮತ್ತೆ ಬೀಗ ಹಾಕಿ ಬಂದರೆ ಯಾರಿಗೇನು ನಷ್ಟ? ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಪೊಲೀಸರ ಕೈಗೆ ಸಿಕ್ಕರೆ ಕಷ್ಟ ಅಂತ. ಅದು ನಿಜವೇ. ಆದರೆ ಮಾತು ಅಲ್ಲಿಗೇ ನಿಂತರೆ, ಸಿಕ್ಕಿಬೀಳದಿದ್ದರೆ ಎಲ್ಲ ಸರಿ ಎಂದಾಗಿಬಿಡುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಯಾರೂ ಹಿಡಿಯದಿದ್ದರೂ ಲಾಕ್‌ಪಿಕ್‌ಗೆ ಈ ಹವ್ಯಾಸದಲ್ಲಿ ಜಾಗ ಇರಬಾರದು. ಏಕೆಂದರೆ ಇನ್ನೊಬ್ಬರ ಬೀಗ ತೆರೆದದ್ದರ ಫಲ ಅನುಭವಿಸುವವರು ತೆರೆದವರಲ್ಲ. ಆ ಹೊತ್ತಿಗೆ ಅಲ್ಲಿ ಇಲ್ಲದ ಜನ.

ಎರಡು ಹವ್ಯಾಸಗಳ ನಿಯಮ

ಅರ್ಬೆಕ್ಸ್‌ಗೆ ಬರೆದಿಟ್ಟ ಕಾನೂನು ಇಲ್ಲ. ಆದರೆ ಅದರ ಹಳೆಯ ಗುಂಪುಗಳು ತಮ್ಮದೇ ಶಿಸ್ತು ಕಟ್ಟಿಕೊಂಡಿದ್ದವು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1986ರಲ್ಲಿ ಶುರುವಾದ ಕೇವ್ ಕ್ಲಾನ್ ಗುಂಪು ನೆಲದಡಿಯ ಕಾಲುವೆಗಳನ್ನು ಸುತ್ತುತ್ತಿತ್ತು. ಮಳೆ ಬರುವಾಗ ಕಾಲುವೆಗೆ ಇಳಿಯಬಾರದು ಎಂಬುದು ಅವರ ಮೊದಲ ಪಾಠ. ಕೆನಡಾದ ಟೊರೊಂಟೊದಲ್ಲಿ ಜೆಫ್ ಚಾಪ್‌ಮನ್ ಎಂಬುವವರು 1996ರಲ್ಲಿ ಈ ಹವ್ಯಾಸಕ್ಕೆಂದೇ ಒಂದು ಪುಟ್ಟ ಪತ್ರಿಕೆ ಆರಂಭಿಸಿದರು. ನಿಧಾನಕ್ಕೆ ಒಂದು ಮಾತು ಎಲ್ಲರದ್ದೂ ಆಯಿತು. ಫೋಟೊ ಬಿಟ್ಟು ಬೇರೇನೂ ತರಬೇಡಿ, ಹೆಜ್ಜೆ ಗುರುತು ಬಿಟ್ಟು ಬೇರೇನೂ ಉಳಿಸಬೇಡಿ. ಕಾಡು ಬೆಟ್ಟ ಸುತ್ತುವವರಲ್ಲಿ ಮೊದಲೇ ಇದ್ದ ಮಾತು ಅದು.

ಬೀಗ ತೆಗೆಯುವುದನ್ನೇ ಆಟವಾಗಿ ಕಲಿಯುವವರ ಲೋಕ ಬೇರೆ. ಅದಕ್ಕೂ ದೊಡ್ಡ ಇತಿಹಾಸ ಇದೆ. ಲಂಡನ್ನಿನ ಬ್ರಾಮಾ ಕಂಪನಿ ತನ್ನ ಬೀಗವೊಂದನ್ನು ಅಂಗಡಿಯ ಕಿಟಕಿಯಲ್ಲಿ ಇಟ್ಟಿತ್ತು. ಇದನ್ನು ತೆರೆದವರಿಗೆ 200 ಗಿನಿ ಬಹುಮಾನ ಎಂಬ ಸವಾಲು ಅದರ ಮೇಲಿತ್ತು. ಅರವತ್ತಕ್ಕೂ ಹೆಚ್ಚು ವರ್ಷ ಯಾರಿಗೂ ಆಗಲಿಲ್ಲ. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಬಂದಿದ್ದ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಅದನ್ನು ತೆರೆದರು. 16 ದಿನಗಳಲ್ಲಿ ಹಂಚಿಹೋದ 51 ಗಂಟೆ ಕೆಲಸ ಅದು. ಹಾಬ್ಸ್ ಕಳ್ಳನಾಗಲಿಲ್ಲ, ಹೆಸರುವಾಸಿಯಾದರು. ಅಲ್ಲಿ ಬೀಗದ ಒಡೆಯನೇ ಬಾ ಎಂದು ಕರೆದಿದ್ದ. ಕೆಲಸ ನಡೆದದ್ದು ಎಲ್ಲರಿಗೂ ಗೊತ್ತಿದ್ದು. ಆ ಬೀಗ ಯಾರ ಬಾಗಿಲನ್ನೂ ಕಾಯುತ್ತಿರಲಿಲ್ಲ.

ಇವತ್ತಿನ ಲಾಕ್‌ಸ್ಪೋರ್ಟ್ ಗುಂಪುಗಳ ನಿಯಮವೂ ಇದೇ. ಜರ್ಮನಿಯಲ್ಲಿ ಹವ್ಯಾಸಿಗಳ ಸಂಘ 1997ರಲ್ಲೇ ಹುಟ್ಟಿತು. ನೆದರ್ಲೆಂಡ್ಸ್‌ನಲ್ಲಿ ಶುರುವಾದ ಟೂಲ್ ಎಂಬ ಇಂಥದ್ದೇ ಸಂಘ ಈಗ ಬೇರೆ ದೇಶಗಳಲ್ಲೂ ಇದೆ. ಈ ಲೋಕದಲ್ಲಿ ಹೊಸಬರಿಗೆ ಮೊದಲು ಹೇಳಿಕೊಡುವುದು ಎರಡೇ ಮಾತು. ನಿಮ್ಮದಲ್ಲದ ಬೀಗವನ್ನು ಒಡೆಯರ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ. ಬಳಕೆಯಲ್ಲಿರುವ ಬೀಗವನ್ನು, ಅದು ನಿಮ್ಮದೇ ಆಗಿದ್ದರೂ, ಮುಟ್ಟಬೇಡಿ.

ಈಗ ನೋಡಿ. ಪಾಳು ಕಟ್ಟಡದ ಬಾಗಿಲಲ್ಲಿ ಲಾಕ್‌ಪಿಕ್ ಹೊರತೆಗೆದವರು ಈ ಎರಡೂ ನಿಯಮವನ್ನು ಒಟ್ಟಿಗೆ ಮುರಿಯುತ್ತಾರೆ. ಬೀಗ ಅವರದ್ದಲ್ಲ. ಅದು ಇನ್ನೂ ಕೆಲಸದಲ್ಲಿದೆ. ಪಿಕ್ ಹಿಡಿಯುವುದನ್ನು ಕಲಿಸಿದ ಲೋಕವೇ ಇದನ್ನು ಬೇಡ ಎನ್ನುತ್ತದೆ. ಕಟ್ಟಡ ಪಾಳುಬಿದ್ದಿದೆ ಅಂದಮಾತ್ರಕ್ಕೆ ಅದು ಯಾರದ್ದೂ ಅಲ್ಲ ಎಂದಾಗುವುದಿಲ್ಲ ಅಲ್ವಾ? ಸಾಲ ಕೊಟ್ಟ ಬ್ಯಾಂಕು, ಆಸ್ತಿ ಹಂಚಿಕೊಳ್ಳಲಾಗದೆ ಜಗಳವಾಡುತ್ತಿರುವ ಮಕ್ಕಳು, ಮುಚ್ಚಿದ ಕಂಪನಿಯ ಆಸ್ತಿ ಮಾರಿ ಸಾಲ ತೀರಿಸುವ ಲಿಕ್ವಿಡೇಟರ್, ಸರ್ಕಾರದ ಯಾವುದೋ ಇಲಾಖೆ. ಯಾರೋ ಒಬ್ಬರು ಇದ್ದೇ ಇರುತ್ತಾರೆ. ಗೋಡೆಯ ಮೇಲೆ ಗಿಡ ಬೆಳೆದಿದ್ದರೂ ಬಾಗಿಲಿಗೆ ಗಟ್ಟಿ ಬೀಗ ಇದೆ ಎಂದರೆ, ಅಲ್ಲಿಗೆ ಯಾರೋ ಬಂದು ಅದನ್ನು ಹಾಕಿ ಹೋಗಿದ್ದಾರೆ ಎಂದರ್ಥ.

ಗುರುತೇ ಉಳಿಯುವುದಿಲ್ಲ ಎಂಬ ನಂಬಿಕೆ

ಲಾಕ್‌ಪಿಕ್ ಪರವಾದ ಮುಖ್ಯ ವಾದ, ಅದರಿಂದ ಏನೂ ಹಾಳಾಗುವುದಿಲ್ಲ ಎಂಬುದು. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನಾವು ದಿನಾ ನೋಡುವ ಬೀಗಗಳಲ್ಲಿ ಬಹುಪಾಲು ಪಿನ್ ಟಂಬ್ಲರ್ ಬಗೆಯವು. ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಇದರ ಈಗಿನ ರೂಪಕ್ಕೆ ಪೇಟೆಂಟ್ ಪಡೆದರು. ಒಳಗೊಂದು ತಿರುಗುವ ಉರುಳೆ ಇರುತ್ತದೆ. ಅದು ತಿರುಗದಂತೆ ಐದಾರು ಜೋಡಿ ಪುಟ್ಟ ಪಿನ್‌ಗಳು ಅಡ್ಡ ನಿಂತಿರುತ್ತವೆ. ಪ್ರತಿ ಜೋಡಿಯ ಮೇಲೆ ಒಂದು ಸ್ಪ್ರಿಂಗ್. ಸರಿಯಾದ ಕೀಲಿಕೈ ಹಾಕಿದಾಗ ಎಲ್ಲ ಜೋಡಿಗಳ ಸಂದು ಒಂದೇ ಗೆರೆಗೆ ಬರುತ್ತದೆ, ಉರುಳೆ ತಿರುಗುತ್ತದೆ. ಯಾವ ಬೀಗವೂ ನೂರಕ್ಕೆ ನೂರು ಕರಾರುವಾಕ್ಕಾಗಿ ತಯಾರಾಗುವುದಿಲ್ಲ. ಆ ಸಣ್ಣ ವ್ಯತ್ಯಾಸದಿಂದಾಗಿ ಪಿನ್‌ಗಳು ಒಂದೊಂದಾಗಿ ಸಿಕ್ಕಿಕೊಳ್ಳುತ್ತವೆ. ಲಾಕ್‌ಪಿಕ್ ಕೆಲಸ ಮಾಡುವುದು ಈ ದೋಷದ ಬಲದಿಂದಲೇ.

ಈ ಪಿನ್‌ಗಳು ಹೆಚ್ಚಾಗಿ ಹಿತ್ತಾಳೆಯವು. ಪಿಕ್ ಉಕ್ಕಿನದು. ಉಕ್ಕು ಹಿತ್ತಾಳೆಯನ್ನು ಗೀರುತ್ತದೆ. ಮಾಮೂಲಿ ಕೀಲಿಕೈ ಸವೆಸುವ ಜಾಗ ಒಂದಾದರೆ ಪಿಕ್ ಗೀರುವ ಜಾಗ ಇನ್ನೊಂದು. ಬೀಗವನ್ನು ಬಿಚ್ಚಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಪರಿಣತರಿಗೆ ಆ ಗೀರು ಕಾಣುತ್ತದೆ. ಅಪರಾಧ ತನಿಖೆಯಲ್ಲಿ ಇದಕ್ಕೆಂದೇ ಒಂದು ವಿಭಾಗ ಬೆಳೆದಿದೆ.

ಪಾಳು ಕಟ್ಟಡದ ಬೀಗವಂತೂ ಅಭ್ಯಾಸದ ಬೀಗದ ಹಾಗೆ ಇರುವುದಿಲ್ಲ. ಮಳೆ ನೀರು ಇಳಿದಿರುತ್ತದೆ, ತುಕ್ಕು ಹಿಡಿದಿರುತ್ತದೆ, ಧೂಳು ಗಟ್ಟಿಯಾಗಿ ಕೂತಿರುತ್ತದೆ, ಸ್ಪ್ರಿಂಗ್ ಸತ್ತಿರುತ್ತದೆ. ಮನೆಯಲ್ಲಿ ಕೂತು ಹೊಸ ಬೀಗ ಸುಲಭವಾಗಿ ತೆಗೆಯುವವರಿಗೂ ಇದು ಬಗ್ಗುವುದಿಲ್ಲ. ಜಾಸ್ತಿ ಒತ್ತಿದರೆ ಪಿಕ್‌ನ ತುದಿ ಒಳಗೇ ಮುರಿಯುತ್ತದೆ. ಆಮೇಲೆ ಒಡೆಯನ ಕೀಲಿಕೈ ಕೂಡ ಒಳಗೆ ಹೋಗುವುದಿಲ್ಲ, ಬೀಗ ಕತ್ತರಿಸಬೇಕಾಗುತ್ತದೆ. ಇನ್ನೊಂದು ತೊಂದರೆ ಹೊಸಬರಿಗೆ ಗೊತ್ತೇ ಇರುವುದಿಲ್ಲ. ಉರುಳೆ ಅರ್ಧ ಸುತ್ತು ತಿರುಗಿದಾಗ ಕೆಲವು ಬೀಗಗಳಲ್ಲಿ ಮೇಲಿನ ಪಿನ್‌ಗಳು ಕೀಲಿಯ ಸೀಳಿಗೆ ಇಳಿದು ಕೂತುಬಿಡುತ್ತವೆ. ಆಗ ಬೀಗ ಹಿಂದಕ್ಕೂ ಹೋಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ.

ಇಷ್ಟಾದರೂ ಬೀಗ ತೆರೆಯಿತು ಎಂದುಕೊಳ್ಳೋಣ. ಮತ್ತೆ ಹಾಕುವುದು ಹೇಗೆ? ಒತ್ತಿದರೆ ಕೂರುವ ಪ್ಯಾಡ್‌ಲಾಕ್ ಆದರೆ ಸರಿ. ಎಳೆದರೆ ತಾನೇ ಬೀಳುವ ಲ್ಯಾಚ್ ಆದರೂ ಸರಿ. ಆದರೆ ಕೀಲಿ ತಿರುಗಿಸಿಯೇ ಹಾಕಬೇಕಾದ ಬೀಗ ಎಷ್ಟೋ ಬಾಗಿಲುಗಳಲ್ಲಿ ಇರುತ್ತದೆ. ಅದನ್ನು ಮುಚ್ಚಲು ಮತ್ತೊಮ್ಮೆ ಪಿಕ್ ಮಾಡಬೇಕು. ತೆರೆಯಲು ಪಟ್ಟ ಪಾಡೇ ಮುಚ್ಚಲೂ ಪಡಬೇಕು. ಹೊರಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತದೆ, ಯಾರಾದರೂ ನೋಡಿಯಾರು ಎಂಬ ಭಯ ಇರುತ್ತದೆ. ಬಾಗಿಲನ್ನು ಸುಮ್ನೆ ಎಳೆದು ಹೊರಟುಬಿಡುವುದೇ ಸುಲಭ. ಒಳಗೆ ಹೋಗುವಾಗ ಮಾಡಿಕೊಂಡ ಸಂಕಲ್ಪ ಎಷ್ಟೇ ಒಳ್ಳೆಯದಿದ್ದರೂ ಕೊನೆಗೆ ಉಳಿಯುವುದು ಬೀಗವಿಲ್ಲದ ಒಂದು ಬಾಗಿಲು.

ಇಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ವಾಚ್‌ಮನ್‌ನ ವಿಷಯ. ಬಾಗಿಲು ಮುರಿದು ಒಳಗೆ ಹೋದರೆ, ಯಾರೋ ಹೊರಗಿನವರು ನುಗ್ಗಿದ್ದಾರೆ ಎಂದು ಒಡೆಯನಿಗೆ ಗೊತ್ತಾಗುತ್ತದೆ. ಬೀಗ ಸ್ವಲ್ಪವೂ ಮುರಿಯದೆ ತೆರೆದಿದ್ದರೆ ಮೊದಲ ಅನುಮಾನ ಕೀಲಿಕೈ ಇಟ್ಟುಕೊಂಡವರ ಮೇಲೆ. ವಾಚ್‌ಮನ್, ಸ್ವಚ್ಛ ಮಾಡಲು ಬರುವವರು, ಹಳೆಯ ಮೇಸ್ತ್ರಿ. ಕಟ್ಟಡದೊಳಗಿನ ತಾಮ್ರದ ತಂತಿಯನ್ನು ಮರುದಿನ ಇನ್ಯಾರೋ ಕದ್ದರೂ ಕೆಲಸ ಹೋಗುವುದು ಇವರದ್ದೇ. ಒಡೆಯನ ಕಷ್ಟವೂ ಬೇರೆ ಇದೆ. ಹಲವು ವಿಮಾ ಪಾಲಿಸಿಗಳು ಕಳವಿನ ಪರಿಹಾರ ಕೊಡಲು ಬಲವಂತವಾಗಿ ಒಳನುಗ್ಗಿದ ಗುರುತು ಕೇಳುತ್ತವೆ. ಗುರುತೇ ಉಳಿಸದೆ ಬಂದೆವು ಎಂದು ಅರ್ಬೆಕ್ಸ್‌ನವರು ಹೆಮ್ಮೆ ಪಡುತ್ತಾರಲ್ಲ, ಆ ಗುರುತಿಲ್ಲದಿರುವುದೇ ಇನ್ನೊಬ್ಬರ ತಲೆಗೆ ಬರುತ್ತದೆ.

ಕಾನೂನು ಜೇಬಿನಲ್ಲಿ ಏನು ನೋಡುತ್ತದೆ

ಲಾಕ್‌ಪಿಕ್ ಇಟ್ಟುಕೊಳ್ಳುವುದು ಅಪರಾಧವೇ? ಒಂದೇ ಮಾತಿನ ಉತ್ತರ ಇಲ್ಲ. ದೇಶ ದೇಶಕ್ಕೆ ಬೇರೆ. ಆದರೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಕಾನೂನು ನೋಡುವುದು ಆ ಕಡ್ಡಿಯನ್ನಷ್ಟೇ ಅಲ್ಲ. ಅದು ಎಲ್ಲಿ, ಯಾವ ಹೊತ್ತಿನಲ್ಲಿ, ಯಾರ ಜೇಬಿನಲ್ಲಿತ್ತು ಎಂಬುದನ್ನೂ ನೋಡುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇನ್ನೊಬ್ಬರ ಜಾಗಕ್ಕೆ ಸುಮ್ಮನೆ ಕಾಲಿಡುವುದು ಸಾಮಾನ್ಯವಾಗಿ ಕ್ರಿಮಿನಲ್ ಅಪರಾಧ ಅಲ್ಲ, ಸಿವಿಲ್ ವ್ಯಾಜ್ಯ. ರೈಲು ಮಾರ್ಗದಂಥ ಕೆಲವು ಜಾಗಗಳಿಗೆ ಮಾತ್ರ ಬೇರೆ ನಿಯಮ. ಇದನ್ನು ನಂಬಿಕೊಂಡೇ ಅಲ್ಲಿನ ಅನೇಕರು ಓಡಾಡುತ್ತಾರೆ. ಆದರೆ 1968ರ ಥೆಫ್ಟ್ ಆಕ್ಟ್‌ನ 25ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಕಳ್ಳತನಕ್ಕೆ ಅಥವಾ ಕನ್ನ ಹಾಕಲು ಬಳಸುವ ವಸ್ತುವನ್ನು ಮನೆಯಿಂದಾಚೆ ಹೊತ್ತು ತಿರುಗಿದರೆ 3 ವರ್ಷದವರೆಗೆ ಜೈಲು. ಆ ವಸ್ತು ಇಂಥ ಕೆಲಸಕ್ಕೆಂದೇ ಮಾಡಿದ್ದಾದರೆ, ಅದು ಬಳಿ ಇದ್ದದ್ದೇ ಉದ್ದೇಶಕ್ಕೆ ಸಾಕ್ಷಿ ಎಂದು ಪರಿಗಣಿಸಬಹುದು. ಕದಿಯುವ ಉದ್ದೇಶ ಇರಲಿಲ್ಲ ಎಂಬುದು ನಿಜವೇ ಇರಬಹುದು. ಅದನ್ನು ನಂಬಿಸುವ ಕಷ್ಟ ಮಾತ್ರ ಜೇಬಿನಲ್ಲಿ ಪಿಕ್ ಇಟ್ಟುಕೊಂಡವರದ್ದು. ಸಿವಿಲ್ ವ್ಯಾಜ್ಯವಾಗಿ ಮುಗಿಯಬಹುದಾಗಿದ್ದ ರಾತ್ರಿಯೊಂದು ಠಾಣೆಯವರೆಗೆ ಹೋಗುವುದು ಹೀಗೆ.

ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಹೆಚ್ಚಿನ ಕಡೆ ಕೆಟ್ಟ ಉದ್ದೇಶವನ್ನು ಸರ್ಕಾರವೇ ತೋರಿಸಬೇಕು. ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯ 466ನೇ ಸೆಕ್ಷನ್ ಲಾಕ್‌ಪಿಕ್‌ನ ಹೆಸರು ಹೇಳಿದರೂ ಅಪರಾಧ ಮಾಡುವ ಉದ್ದೇಶ ಇರಬೇಕು ಎನ್ನುತ್ತದೆ. ವರ್ಜೀನಿಯಾದಲ್ಲಿ ಹಾಗಲ್ಲ. ಲೈಸೆನ್ಸ್ ಇರುವ ವ್ಯಾಪಾರಿಯಲ್ಲದ ಯಾರ ಬಳಿಯಾದರೂ ಕನ್ನದ ಸಲಕರಣೆ ಸಿಕ್ಕರೆ, ಕೆಟ್ಟ ಉದ್ದೇಶ ಇತ್ತು ಎನ್ನಲು ಮೇಲ್ನೋಟಕ್ಕೆ ಅಷ್ಟೇ ಸಾಕು. ರಾಜ್ಯದ ಗಡಿ ದಾಟಿದರೆ ಅದೇ ಪೌಚ್‌ನ ಅರ್ಥ ಬದಲಾಗುತ್ತದೆ.

ಜಪಾನ್ ಇನ್ನೂ ಬಿಗಿ. ಪಿಕ್ ಬಳಸಿ ಮನೆಗಳಿಗೆ ಕನ್ನ ಹಾಕುವುದು ಅಲ್ಲಿ ವಿಪರೀತ ಹೆಚ್ಚಿದ ಮೇಲೆ 2003ರಲ್ಲಿ ಪ್ರತ್ಯೇಕ ಕಾನೂನೇ ಬಂತು. ಉದ್ಯೋಗಕ್ಕಾಗಿ ಅಥವಾ ಬೇರೆ ಸಕಾರಣಕ್ಕಾಗಿ ಅಲ್ಲದೆ ಪಿಕ್ ಇಟ್ಟುಕೊಂಡರೆ 1 ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ಯೆನ್‌ವರೆಗೆ ದಂಡ. ಕದಿಯುವ ಉದ್ದೇಶ ಇತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಬೇಕಿಲ್ಲ. ಅದಕ್ಕೂ ಹಳೆಯದಾದ, 1948ರ ಸಣ್ಣ ಅಪರಾಧಗಳ ಕಾಯ್ದೆಯೂ ಇದೆ. ಅದರ ಮೊದಲ ವಿಧಿಯಲ್ಲಿ ಎರಡು ಅಂಶಗಳು ಹತ್ತಿರ ಹತ್ತಿರ ಇವೆ. ಯಾರೂ ವಾಸ ಇಲ್ಲದ, ಕಾವಲಿಲ್ಲದ ಕಟ್ಟಡದಲ್ಲಿ ಕಾರಣವಿಲ್ಲದೆ ಅಡಗಿರುವುದು ಒಂದು. ಕಟ್ಟಡದೊಳಗೆ ನುಗ್ಗಲು ಬಳಸುವಂಥ ಸಲಕರಣೆಯನ್ನು ಬಚ್ಚಿಟ್ಟುಕೊಂಡು ಓಡಾಡುವುದು ಇನ್ನೊಂದು. ಪಿಕ್ ಇಟ್ಟುಕೊಂಡು ಪಾಳು ಕಟ್ಟಡ ಹೊಕ್ಕವರು ಎರಡಕ್ಕೂ ಸಿಗುತ್ತಾರೆ.

ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಅಪರಾಧ ಮಾಡುವ, ಹೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಕೊಡುವ ಉದ್ದೇಶದಿಂದ ಇನ್ನೊಬ್ಬರ ಜಾಗಕ್ಕೆ ಹೋದರೆ ಅತಿಕ್ರಮ ಪ್ರವೇಶ, 3 ತಿಂಗಳವರೆಗೆ ಶಿಕ್ಷೆ. ಆ ಜಾಗ ವಾಸದ ಮನೆ, ಪೂಜೆಯ ಸ್ಥಳ ಅಥವಾ ಸಾಮಾನು ಇಡುವ ಕಟ್ಟಡವಾದರೆ 1 ವರ್ಷದವರೆಗೆ. ಅಲ್ಲಿಂದ ಮುಂದಿನ ಮೆಟ್ಟಿಲು ಕನ್ನ ಹಾಕುವುದು. 330ನೇ ಸೆಕ್ಷನ್ ಅದಕ್ಕೆ ಆರು ಬಗೆ ಹೇಳುತ್ತದೆ, ಬೀಗ ತೆರೆದು ಒಳಹೋಗುವುದು ಅದರಲ್ಲೊಂದು. ಇದಕ್ಕೆ 2 ವರ್ಷದವರೆಗೆ, ಸೂರ್ಯ ಮುಳುಗಿ ಮತ್ತೆ ಹುಟ್ಟುವುದರ ನಡುವೆ ಆದರೆ 3 ವರ್ಷದವರೆಗೆ ಶಿಕ್ಷೆ. ಬೀಗ ಮುರಿದರೋ, ನಯವಾಗಿ ತೆಗೆದರೋ ಎಂಬ ವ್ಯತ್ಯಾಸ ಅಲ್ಲಿ ಇಲ್ಲ. ಲಾಕ್‌ಪಿಕ್‌ನವರು ಅಷ್ಟು ನೆಚ್ಚಿಕೊಂಡಿರುವ ವ್ಯತ್ಯಾಸವೇ ಅದು.

ಜರ್ಮನಿಯಲ್ಲಿ ಬೇಲಿ ಹಾಕಿದ ಜಾಗಕ್ಕೆ ನುಗ್ಗುವುದು ಅಪರಾಧವಾದರೂ ಒಡೆಯರು ದೂರು ಕೊಟ್ಟರೆ ಮಾತ್ರ ಕೇಸು ನಡೆಯುತ್ತದೆ. ಹಾಗಾಗಿ ಒಡೆಯರಿಗೆ ನಮ್ಮನ್ನು ನೋಡಿ ಏನನ್ನಿಸುತ್ತದೆ ಎಂಬುದು ಅಲ್ಲಿ ದೊಡ್ಡ ವಿಷಯ. ಕ್ಯಾಮೆರಾ ಹಿಡಿದು ತಪ್ಪಾಯಿತು ಎನ್ನುವವರನ್ನು ಬಿಟ್ಟುಬಿಡಬಹುದು. ಪಿಕ್ ಹಿಡಿದವರನ್ನು ಬಿಡಲು ಮನಸ್ಸು ಬರುವುದು ಕಷ್ಟ.

ಗುಂಪಿನಲ್ಲಿ ಹೋಗುವವರಿಗೆ ಇನ್ನೊಂದು ಮಾತು. ಒಬ್ಬರ ಬ್ಯಾಗಿನಲ್ಲಿ ಪಿಕ್ ಸಿಕ್ಕರೆ ಪ್ರಶ್ನೆ ಎಲ್ಲರಿಗೂ ಬರುತ್ತದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳುವುದು ಸುಲಭ, ನಂಬಿಸುವುದು ಸುಲಭ ಅಲ್ಲ. ವಿದ್ಯಾರ್ಥಿಗಳು, ವೀಸಾ ಮೇಲೆ ಇರುವವರು, ಸರ್ಕಾರಿ ಕೆಲಸಕ್ಕೆ ಕಾಯುತ್ತಿರುವವರು ಅದೇ ಗುಂಪಿನಲ್ಲಿ ಇರಬಹುದು. ಶಿಕ್ಷೆ ಆಗದಿದ್ದರೂ ಕೇಸು ಒಂದೇ ಸಾಕು, ಅವರ ಬದುಕಿನ ದಾರಿ ತಪ್ಪಿಸಲು.

ಬೀಗ ಯಾರನ್ನು ಕಾಯುತ್ತದೆ

ಬೀಗ ಎಂದರೆ ಒಡೆಯನ ಆಸ್ತಿಗೆ ಕಾವಲು ಎಂದು ನಾವು ಅಂದುಕೊಳ್ಳುತ್ತೇವೆ. ಪಾಳು ಜಾಗಗಳಲ್ಲಿ ಅದು ಹೆಚ್ಚಾಗಿ ಬೇರೆಯವರನ್ನು ಕಾಯುತ್ತಿರುತ್ತದೆ.

ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ ಒಂದು ಖಾಸಗಿ ರೇಡಿಯೋಥೆರಪಿ ಆಸ್ಪತ್ರೆ ಬೇರೆ ಕಡೆಗೆ ಹೋಯಿತು. ಹಳೆಯ ಕಟ್ಟಡದಲ್ಲಿ ವಿಕಿರಣ ಸೂಸುವ ಸೀಸಿಯಂ-137 ತುಂಬಿದ ಚಿಕಿತ್ಸಾ ಯಂತ್ರ ಹಾಗೇ ಉಳಿಯಿತು. 1987ರ ಸೆಪ್ಟೆಂಬರ್ 13ರಂದು ಇಬ್ಬರು ಗುಜರಿ ಆಸೆಗೆ ಒಳಹೊಕ್ಕು ಅದರ ಭಾಗವನ್ನು ಹೊತ್ತೊಯ್ದರು. ಅದು ಗುಜರಿ ಅಂಗಡಿಗೆ ಹೋಯಿತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ ನೋಡಿ ಜನ ಬೆರಗಾಗಿ ನೆಂಟರಿಗೂ ಹಂಚಿದರು. 4 ಜನ ಸತ್ತರು, ಅವರಲ್ಲಿ ಒಬ್ಬಳು ಆರು ವರ್ಷದ ಹುಡುಗಿ. 249 ಜನರಲ್ಲಿ ವಿಕಿರಣದ ಅಂಶ ಪತ್ತೆಯಾಯಿತು. 1 ಲಕ್ಷ 12 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಬೇಕಾಯಿತು. ಅಲ್ಲಿ ಒಳಹೊಕ್ಕವರು ಅರ್ಬೆಕ್ಸ್‌ನವರಲ್ಲ, ಬೀಗದ ಪ್ರಶ್ನೆಯೂ ಇರಲಿಲ್ಲ. ಆ ಜಾಗಕ್ಕೆ ಸರಿಯಾದ ಕಾವಲೇ ಇರಲಿಲ್ಲ ಎಂಬುದೇ ದುರಂತ. ಬಿಟ್ಟುಹೋದ ಕಟ್ಟಡದಲ್ಲಿ ಏನು ಉಳಿದಿದೆ ಎಂದು ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಅಂಥ ಕಡೆ ಇರುವ ಒಂದು ಬೀಗವನ್ನು ತೆಗೆದಿಡುವುದು ಸಣ್ಣ ವಿಷಯ ಅಲ್ಲ.

ಅಮೆರಿಕದ ವೂಸ್ಟರ್ ನಗರದ್ದು ಇನ್ನೊಂದು ಕಥೆ. ಅಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಖಾಲಿ ಇದ್ದ ಒಂದು ಶೀತಲ ಗೋದಾಮು ಇತ್ತು. ಮನೆಯಿಲ್ಲದ ಇಬ್ಬರು ಅದರಲ್ಲಿ ಉಳಿದುಕೊಂಡಿದ್ದರು. 1999ರ ಡಿಸೆಂಬರ್ 3ರಂದು ಅವರ ಮೇಣದಬತ್ತಿ ಉರುಳಿ ಬೆಂಕಿ ಹತ್ತಿತು. ಅವರು ಯಾರಿಗೂ ಹೇಳದೆ ಹೊರಟುಹೋಗಿದ್ದರು. ಒಳಗೆ ಯಾರೋ ಇರಬಹುದು ಎಂದು ಅಗ್ನಿಶಾಮಕ ದಳದವರು ಹುಡುಕಲು ನುಗ್ಗಿದರು. ಕಿಟಕಿಗಳೇ ಇಲ್ಲದಂಥ ಆ ಕಟ್ಟಡದ ಹೊಗೆಯಲ್ಲಿ ಇಬ್ಬರಿಗೆ ದಾರಿ ತಪ್ಪಿತು. ಅವರನ್ನು ಹುಡುಕಲು ಹೋದವರಲ್ಲಿ ನಾಲ್ವರು ಹಿಂದೆ ಬರಲಿಲ್ಲ. ಒಟ್ಟು 6 ಜನ ಸತ್ತರು. ಒಳಗೆ ಜನ ಇರಬಹುದು ಎಂಬ ಅನುಮಾನ ಇದ್ದರೆ ರಕ್ಷಣೆಗೆ ಬಂದವರು ಒಳಗೆ ಹೋಗಿಯೇ ಹೋಗುತ್ತಾರೆ. ಬೀಗವಿಲ್ಲದೆ ಬಿಟ್ಟುಬಂದ ಬಾಗಿಲು ಆ ಅನುಮಾನಕ್ಕೆ ಕಾರಣವಾಗುತ್ತದೆ. ಮಕ್ಕಳು ಆಡಲು ಹೋಗುತ್ತಾರೆ, ಚಳಿಗೆ ನಡುಗುವವರು ಮಲಗಲು ಹೋಗುತ್ತಾರೆ, ಗುಜರಿ ಕದಿಯುವವರು ಹೋಗುತ್ತಾರೆ. ಅವರಿಗೆ ಕೊಳೆತ ಮಹಡಿ ಎಲ್ಲಿದೆ, ಲಿಫ್ಟ್‌ನ ಗುಂಡಿ ಎಲ್ಲಿದೆ ಎಂದು ಯಾರೂ ಹೇಳಿರುವುದಿಲ್ಲ.

ಕೆಲವೊಮ್ಮೆ ಬೀಗ ಇರುವುದು ಒಳಗಿರುವ ಜೀವಗಳ ಸಲುವಾಗಿ. ಹಳೆಯ ಗಣಿಗಳ ಬಾಯಿಗೆ ಹಾಕಿರುವ ಕಬ್ಬಿಣದ ಜಾಲರಿ ಬಾಗಿಲನ್ನು ನೋಡಿ. ಎಷ್ಟೋ ಕಡೆ ಬಾವಲಿಗಳು ಹಾರಿ ಹೋಗಲು ಆಗುವಂತೆ, ಮನುಷ್ಯರು ನುಗ್ಗಲು ಆಗದಂತೆ ಅದನ್ನು ಮಾಡಿರುತ್ತಾರೆ. ಉತ್ತರ ಅಮೆರಿಕದಲ್ಲಿ 2006ರ ಚಳಿಗಾಲದಲ್ಲಿ ಬಾವಲಿಗಳ ಮೂತಿಯ ಮೇಲೆ ಬಿಳಿ ಶಿಲೀಂಧ್ರ ಕಾಣಿಸಿಕೊಂಡಿತು. ಆಮೇಲೆ ಲಕ್ಷಾಂತರ ಬಾವಲಿಗಳು ಸತ್ತವು. ಅದರ ಕಣಗಳು ಮನುಷ್ಯರ ಬೂಟು ಬಟ್ಟೆಗೆ ಅಂಟಿಕೊಂಡು ಒಂದು ಗುಹೆಯಿಂದ ಇನ್ನೊಂದಕ್ಕೆ ಹೋಗಬಲ್ಲವು. ಚಳಿನಿದ್ದೆಯಲ್ಲಿರುವ ಬಾವಲಿ ಒಮ್ಮೆ ಎಚ್ಚರವಾದರೂ ಚಳಿಗಾಲ ದಾಟಲು ಕೂಡಿಟ್ಟ ಕೊಬ್ಬು ಕರಗುತ್ತದೆ. ಆ ಬೀಗ ತೆಗೆದವರು ಯಾರಿಗೂ ನೋವು ಮಾಡಿಲ್ಲ ಎಂದುಕೊಂಡೇ ಹೊರಬರುತ್ತಾರೆ.

ಬೀಗ ಹಾಕಿದ ಕೋಣೆಯ ಗಾಳಿಯ ಬಗ್ಗೆಯೂ ಹೇಳಬೇಕು. ಬಹಳ ದಿನ ಮುಚ್ಚಿದ್ದ ನೆಲಮಾಳಿಗೆ, ಟ್ಯಾಂಕು, ಗಣಿಗಳಲ್ಲಿ ಆಮ್ಲಜನಕ ಕಡಿಮೆ ಇರಬಹುದು. ತುಕ್ಕು ಹಿಡಿಯುವ ಕಬ್ಬಿಣವೂ ಅದನ್ನು ಹೀರಿಕೊಳ್ಳುತ್ತದೆ. ಚರಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದರ ಕೊಳೆತ ಮೊಟ್ಟೆಯ ವಾಸನೆ ಹೆಚ್ಚಾದಾಗ ಮೂಗಿಗೆ ಗೊತ್ತಾಗುವುದೇ ನಿಂತುಹೋಗುತ್ತದೆ. ತೆರೆದ ಜಾಗದಲ್ಲಿ ಗಾಳಿ ಓಡಾಡಿರುತ್ತದೆ, ಬೇರೆಯವರು ಹೋಗಿ ಬಂದಿರುತ್ತಾರೆ. ಬೀಗದ ಹಿಂದಿನ ಜಾಗಕ್ಕೆ ಆ ಭರವಸೆ ಇಲ್ಲ.

ಒಳಗೆ ಸಿಕ್ಕಿಹಾಕಿಕೊಂಡರೆ ಬೇಕಾಗುತ್ತದೆ ಎಂಬ ವಾದವೂ ಇದೆ. ಇದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೊರಗಿನಿಂದ ಹಾಕಿದ ಪ್ಯಾಡ್‌ಲಾಕ್ ಒಳಗಿರುವವರ ಕೈಗೆ ಸಿಗುವುದೇ ಇಲ್ಲ. ಚಿಲಕ ಸಿಕ್ಕಿಕೊಂಡಿದ್ದರೆ, ಬಾಗಿಲು ಊದಿಕೊಂಡಿದ್ದರೆ, ಮಣ್ಣು ಕುಸಿದಿದ್ದರೆ ಪಿಕ್‌ನಿಂದ ಏನೂ ಆಗುವುದಿಲ್ಲ. ಅಂಥ ಹೊತ್ತಿಗೆ ಬೇಕಾಗುವುದು ಎಲ್ಲಿಗೆ ಹೋಗಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಗೊತ್ತಿರುವ ಹೊರಗಿನ ಒಬ್ಬ ಮನುಷ್ಯ.

ಗಟ್ಟಿಯಾದ ಎದುರು ವಾದ ಬೇರೆ ಇದೆ. ಅನುಮತಿ ಇಲ್ಲದೆ ಒಳಹೋದವರಿಂದ ಒಳ್ಳೆಯದೂ ಆಗಬಹುದು ಎಂಬುದು. 2005ರ ಸೆಪ್ಟೆಂಬರ್‌ನಿಂದ ಸುಮಾರು ಒಂದು ವರ್ಷ, ಉಂಟರ್‌ಗುಂಟರ್ ಎಂಬ ಗುಂಪು ಪ್ಯಾರಿಸ್ಸಿನ ಪಾಂತಿಯೋನ್ ಸ್ಮಾರಕದಲ್ಲಿ ಗುಟ್ಟಾಗಿ ಕೆಲಸ ಮಾಡಿತು. ದಶಕಗಳಿಂದ ನಿಂತುಹೋಗಿದ್ದ ಅಲ್ಲಿನ ದೊಡ್ಡ ಗಡಿಯಾರವನ್ನು ರಿಪೇರಿ ಮಾಡಿತು. ಗುಂಪಿನಲ್ಲಿ ಒಬ್ಬ ಪರಿಣತ ಗಡಿಯಾರ ಕೆಲಸಗಾರರಿದ್ದರು. ಮುಗಿದ ಮೇಲೆ ಅವರೇ ಹೋಗಿ ಅಧಿಕಾರಿಗಳಿಗೆ ತಿಳಿಸಿದರು. ಸ್ಮಾರಕ ನೋಡಿಕೊಳ್ಳುವ ಸಂಸ್ಥೆ ಕೇಸು ಹಾಕಿತು. 2007ರಲ್ಲಿ ನ್ಯಾಯಾಲಯದಲ್ಲಿ ಗುಂಪೇ ಗೆದ್ದಿತು.

ಆ ಕೆಲಸದ ಬಗ್ಗೆ ನನಗೆ ಗೌರವ ಇದೆ. ಅನುಮತಿ ಇಲ್ಲದೆ ಒಳಹೋದವರೆಲ್ಲ ಕೆಟ್ಟವರು ಎಂದು ಹೇಳುವವರಿಗೆ ಇದು ಒಳ್ಳೆಯ ಉತ್ತರವೂ ಹೌದು. ಆದರೆ ಅವರು ಏನೇನು ಮೈಮೇಲೆ ಹಾಕಿಕೊಂಡರು ನೋಡಿ. ಕೆಲಸ ಬಲ್ಲವರನ್ನು ಕರೆದೊಯ್ದರು, ತಿಂಗಳುಗಟ್ಟಲೆ ದುಡಿದರು, ಕೊನೆಗೆ ತಾವೇ ಎದುರು ಬಂದು ನಿಂತರು. ವಾರದ ಕೊನೆಯಲ್ಲಿ ಪಿಕ್ ಹಿಡಿದು ಹೋಗುವವರು ಇದ್ಯಾವುದನ್ನೂ ಮಾಡುವುದಿಲ್ಲ. ಅವರು ಬೀಗ ತೆಗೆದದ್ದು ಯಾರಿಗೂ ಗೊತ್ತಾಗಬಾರದು ಎಂದೇ ಬಯಸುತ್ತಾರೆ. ಇಷ್ಟು ಹೇಳಿದ ಮೇಲೂ, ಸಾರ್ವಜನಿಕ ಸ್ಮಾರಕದ ಬಗ್ಗೆ ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ.

ಪಿಕ್ ಇಲ್ಲದೆಯೂ ಬಾಗಿಲು ತೆರೆಯುತ್ತದೆ. ಫ್ರಾನ್ಸ್‌ನಲ್ಲಿ 1984ರಲ್ಲಿ ಐತಿಹಾಸಿಕ ಕಟ್ಟಡಗಳನ್ನು ಒಂದು ದಿನ ಎಲ್ಲರಿಗೂ ತೆರೆದಿಟ್ಟರು. ಅದು ಈಗ ಯುರೋಪಿನ ತುಂಬ ನಡೆಯುತ್ತದೆ. ಲಂಡನ್ನಿನಲ್ಲಿ 1992ರಿಂದ ಓಪನ್ ಹೌಸ್ ಇದೆ. ಅಲ್ಲಿನ ಸಾರಿಗೆ ವಸ್ತುಸಂಗ್ರಹಾಲಯ ಮುಚ್ಚಿಹೋದ ಮೆಟ್ರೋ ನಿಲ್ದಾಣಗಳಿಗೆ ಜನರನ್ನು ಕರೆದೊಯ್ಯುತ್ತದೆ. ಇಂಥ ಏರ್ಪಾಡು ಇಲ್ಲದ ಕಡೆ ಒಡೆಯರಿಗೆ ಪತ್ರ ಬರೆಯಬಹುದು. ಯಾಕೆ ಬರುತ್ತೇವೆ, ಎಷ್ಟು ಜನ, ಎಷ್ಟು ಹೊತ್ತು, ಫೋಟೊಗಳನ್ನು ಏನು ಮಾಡುತ್ತೇವೆ ಎಂದು ಬಿಡಿಸಿ ಹೇಳಬೇಕು. ಕೆಡವುವ ಮುನ್ನ ದಾಖಲೆಗಾಗಿ ಫೋಟೊ ಬೇಕಾಗಿರುವ ಒಡೆಯರೂ ಇದ್ದಾರೆ. ಎಷ್ಟೋ ಪತ್ರಗಳಿಗೆ ಉತ್ತರ ಬರುವುದಿಲ್ಲ, ಎಷ್ಟೋ ಕಡೆ ಆಗುವುದಿಲ್ಲ ಎನ್ನುತ್ತಾರೆ. ಆಗ ಆ ಕಟ್ಟಡವನ್ನು ಹೊರಗಿನಿಂದಲೇ ನೋಡಬೇಕು. ಒಳಗೆ ನೋಡಲೇಬೇಕು ಎಂಬ ಆಸೆಯ ತೀವ್ರತೆ ನನಗೂ ಅರ್ಥವಾಗುತ್ತದೆ. ಆದರೆ ಅದು ಹಕ್ಕಾಗುವುದಿಲ್ಲ.

ಬೀಗ ತೆಗೆಯುವ ಕಲೆಯನ್ನೇ ಪ್ರೀತಿಸುವವರು ತಾವೇ ಬೀಗ ಕೊಂಡು ಮನೆಯ ಮೇಜಿನ ಮೇಲೆ ಕಲಿಯಬಹುದು, ಕ್ಲಬ್ಬಿಗೆ ಹೋಗಬಹುದು. ಪಿಕ್ ಒಯ್ಯುವುದಾದರೆ ಮೊದಲು ಆ ಊರಿನ ಕಾನೂನು ಗೊತ್ತಿರಲಿ. ಕ್ಲಬ್ಬಿಗೆ ಹೋಗುವ ದಿನ ಕ್ಲಬ್ಬಿಗೆ ಮಾತ್ರ ಹೋಗಿ, ಬರುವ ದಾರಿಯಲ್ಲಿ ಪಾಳು ಕಟ್ಟಡಕ್ಕೆ ನುಸುಳುವುದು ಬೇಡ. ಗುಂಪಾಗಿ ಹೊರಡುವವರು ಟಾರ್ಚಿನ ಬ್ಯಾಟರಿ ನೋಡಿಕೊಳ್ಳುವ ಹೊತ್ತಿಗೇ ಯಾರ ಬ್ಯಾಗಿನಲ್ಲಾದರೂ ಪಿಕ್ ಇದೆಯೇ ಎಂದು ನೇರವಾಗಿ ಕೇಳಬೇಕು. ಇದ್ದರೆ ಅಲ್ಲೇ ಬಿಟ್ಟು ಬರಲು ಹೇಳಬೇಕು. ಅವರು ಒಪ್ಪದಿದ್ದರೆ ಆ ದಿನ ಅವರನ್ನು ಬಿಟ್ಟು ಹೋಗಬೇಕು, ಅವರು ಎಷ್ಟೇ ಹಳೆಯ ಗೆಳೆಯರಾಗಿದ್ದರೂ.